ಹಿತ್ತಲ ಮೀನುಕೊಳ

ಹಿತ್ತಲ ಮೀನುಕೊಳ ಎಂದರೆ ಮನೆಯ ಹಿತ್ತಿಲಿನಲ್ಲಿ ಅಥವಾ ಮನೆಗೆ ಹೊಂದಿದ ತೋಟದಲ್ಲಿ ಮನೆಯವರೇ ತೋಡಿಕೊಂಡು ಮೀನು ಸಾಕುವ ಸಣ್ಣ ಕೊಳ. ಇದರ ವಿಸ್ತಾರ ಸಾಮಾನ್ಯವಾಗಿ ಕೆಲವು ಚದರ ಮೀಟರುಗಳಿಂದ 100 ಚದರ ಮೀಟರಿನವರೆಗೆ ಇರುತ್ತದೆ. ಮನೆಬಳಕೆಗೆ ಮೀನು, ಗಿಡಗಳಿಗೆ ಸಾರವುಳ್ಳ ನೀರು, ನೋಟಕ್ಕೆ ಅಂದ, ಸೊಳ್ಳೆಯ ಮರಿಗಳ ನಿಯಂತ್ರಣ ಇವು ಇದರ ಉದ್ದೇಶಗಳು. ಜಮೀನಿನಲ್ಲಿ ಮಳೆನೀರು ಹಿಡಿಯಲು ತೋಡುವ ಕೃಷಿ ಹೊಂಡಕ್ಕೂ ಇದಕ್ಕೂ ನಿರ್ಮಾಣದಲ್ಲಿ ಬಹಳ ವ್ಯತ್ಯಾಸವಿಲ್ಲ. ಕೃಷಿ ಹೊಂಡದಲ್ಲಿ ನೀರು ಬೆಳೆಗಾಗಿ, ಮೀನುಕೊಳದಲ್ಲಿ ನೀರು ಮೀನಿಗಾಗಿ ಎಂಬುದಷ್ಟೇ ಭೇದ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಂತಹ ಪ್ರದೇಶದಲ್ಲಿ ಈ ಭೇದವೂ ಅನೇಕ ವೇಳೆ ಉಳಿಯುವುದಿಲ್ಲ. ಒಂದೇ ಹೊಂಡದ ನೀರನ್ನು ತೆಂಗಿನ ಗಿಡವೂ ಮೀನೂ ಹಂಚಿಕೊಳ್ಳಬೇಕಾಗುತ್ತದೆ.

ಹಿನ್ನೆಲೆ

ಮೀನನ್ನು ಆಹಾರವಿತ್ತು ಸಾಕುವ ತಿಳಿವಳಿಕೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವನ್ನು ಕುರಿತ ಭಾಗವೊಂದಿದ್ದು, ಅಲ್ಲಿ ಮೀನಿನ ಬಗೆಗಳೂ ಅವುಗಳಿಗೆ ನೀಡಬೇಕಾದ ಆಹಾರವೂ ನಿರೂಪಿತವಾಗಿವೆ. ಚಿಕ್ಕಮಗಳೂರು ಜಿಲ್ಲೆಯದೇ ಆದ ಶೃಂಗೇರಿಯಲ್ಲಿ ತುಂಗಾ ನದಿಯ ಮೀನುಗಳನ್ನು ಹಿಡಿಯದೆ, ಯಾತ್ರಿಕರು ಆಹಾರ ಹಾಕಿ ಕಾಪಾಡಿಕೊಂಡು ಬಂದಿರುವ ಪದ್ಧತಿ ಪ್ರಸಿದ್ಧ.

ಆದರೆ ಮನೆಯ ಕೊಳದಲ್ಲಿ ಬೇಕಾದಾಗ ಮರಿ ತಂದು ಬಿಡುವ ಅನುಕೂಲ ಇತ್ತೀಚಿನದು. ಕಾಟ್ಲಾ, ರೋಹು, ಮೃಗಾಲ್ ಎಂಬ ಭಾರತದ ಮೂರು ಮುಖ್ಯ ಗೆಂಡೆ ಮೀನುಗಳು ಮಳೆಗಾಲದ ಹರಿಯುವ ನದಿಯಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ಕೊಳದಲ್ಲಿ ಇಡುವುದಿಲ್ಲ. ಹೀಗಾಗಿ ಹಿಂದೆ ನದಿಯಿಂದ ಮರಿಗಳನ್ನು ಸೋಸಿ ತರಬೇಕಿತ್ತು; ಅವುಗಳೊಡನೆ ಬೇಡದ ಮೀನಿನ ಮರಿಗಳೂ ಬರುತ್ತಿದ್ದವು. 1957ರ ಜುಲೈ 10ರಂದು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಗೆಂಡೆಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತದೆ. ಇಂದು ಮೀನುಮರಿ ಕೇಂದ್ರಗಳಲ್ಲಿ ದೊರೆಯುವ ಮರಿಗಳೆಲ್ಲ ಈ ವಿಧಾನದ ಮುಂದುವರಿಕೆಯೇ.

ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯಿಂದ ಒಣಭೂಮಿ ತಾಲ್ಲೂಕುಗಳಲ್ಲಿ ಪ್ಲಾಸ್ಟಿಕ್ ಹಾಸಿನ ಕೃಷಿ ಹೊಂಡಗಳು ಹೆಚ್ಚಿದವು. 2020ರಲ್ಲಿ ಜಾರಿಗೆ ಬಂದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯು ಹಿತ್ತಲಿನ ಅಲಂಕಾರಿಕ ಮೀನು ಘಟಕಗಳನ್ನೂ ಸಣ್ಣ ಮರುಪರಿಚಲನಾ ಘಟಕಗಳನ್ನೂ ಸಹಾಯಧನದ ವ್ಯಾಪ್ತಿಗೆ ತಂದಿತು. ಸಹಾಯಧನದ ಪ್ರಮಾಣ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40, ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಶೇ. 60. ಈ ಲೇಖನ ಮಾತ್ರ ಸಹಾಯಧನವಿಲ್ಲದೆ, ಮನೆಯವರ ಕೈಕೆಲಸದಿಂದಲೇ ಆಗುವ ಸಾಧಾರಣ ಕೊಳವನ್ನು ಕುರಿತದ್ದು.

ಕಡೂರು, ತರೀಕೆರೆ, ಅಜ್ಜಂಪುರದ ನೀರು ಮತ್ತು ಮಣ್ಣು

ಈ ಮೂರು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ನೀರಿನ ವಿಷಯದಲ್ಲಿ ಒಂದೇ ಅಲ್ಲ. ತರೀಕೆರೆಯ ಪಶ್ಚಿಮ ಭಾಗ ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿಗಳ ಬೆಟ್ಟಸಾಲಿಗೆ ಸೇರಿದ ಮಲೆನಾಡು. ಲಕ್ಕವಳ್ಳಿಯ ಭದ್ರಾ ಜಲಾಶಯ ಅಲ್ಲಿಯೇ ಇದೆ. ಅದೇ ಬೆಟ್ಟಸಾಲಿನ ಮಳೆನೆರಳಿನಲ್ಲಿ ಬರುವ ಕಡೂರು ಬಯಲುಸೀಮೆ. ಇಲ್ಲಿನ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್. ಹಿಂದೆ ತರೀಕೆರೆ ತಾಲ್ಲೂಕಿನ ಭಾಗವಾಗಿದ್ದು ಆಮೇಲೆ ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರವೂ ಹೆಚ್ಚುಕಡಿಮೆ ಬಯಲುಸೀಮೆಯ ಲಕ್ಷಣವುಳ್ಳದ್ದು. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಮದಗದ ಕೆರೆ ಇವೆರಡೂ ಬೆಟ್ಟದ ನೀರನ್ನು ಹಿಡಿದು ಬಯಲಿಗೆ ಹಂಚಿದ ಹಳೆಯ ಏರ್ಪಾಟುಗಳು. ಈ ಕೆರೆಗಳು ತುಂಬಿದ ವರ್ಷ ಊರಿಗೆಲ್ಲ ಮೀನು. ಬತ್ತಿದ ವರ್ಷ ಅದೂ ಇಲ್ಲ.

ಕಡೂರಿನ ಬಹುಭಾಗದಲ್ಲಿ ಮಣ್ಣು ಕೆಂಪು. ಅದರಲ್ಲಿ ಮರಳಿನಂಶ ಹೆಚ್ಚಿದ್ದಲ್ಲಿ ನೀರು ನಿಲ್ಲುವುದಿಲ್ಲ. ಅಜ್ಜಂಪುರದ ಸುತ್ತ ಎರೆಮಣ್ಣಿನ ಹೊಲಗಳಿವೆ. ಎರೆಮಣ್ಣು ಹಸಿಯಾಗಿದ್ದಾಗ ನೀರನ್ನು ಚೆನ್ನಾಗಿ ಹಿಡಿಯುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆದುದರಿಂದ ಎರೆಮಣ್ಣಿನ ಕೊಳವನ್ನು ಒಮ್ಮೆ ಪೂರ್ಣವಾಗಿ ಒಣಗಲು ಬಿಟ್ಟರೆ ಮರುವರ್ಷದ ಮೊದಲ ಮಳೆ ಬಿರುಕುಗಳಲ್ಲೇ ಇಂಗಿಹೋಗುತ್ತದೆ.

ಕಡೂರಿನ ಅಂತರ್ಜಲ ಮಿತಿಮೀರಿ ಬಳಕೆಯಾಗಿದೆ. ಇಲ್ಲಿ ಕೊಳವೆಬಾವಿಯ ನೀರನ್ನೇ ನೆಚ್ಚಿ ಮೀನುಕೊಳ ತೋಡುವುದು ವಿವೇಕವಲ್ಲ. ಮಳೆನೀರಿನಿಂದ ತುಂಬಿ, ಆ ನೀರು ಎಷ್ಟು ತಿಂಗಳು ನಿಲ್ಲುವುದೋ ಅಷ್ಟು ತಿಂಗಳಲ್ಲಿ ಬೆಳೆಯುವ ಮೀನನ್ನು ಸಾಕುವುದು ಈ ಸೀಮೆಗೆ ಒಪ್ಪುವ ಕ್ರಮ. ಕೊಳದ ಅಳತೆ, ಮರಿಯ ಗಾತ್ರ, ಬಿಡುವ ಕಾಲ, ಹಿಡಿಯುವ ಕಾಲ ಎಲ್ಲವೂ ಈ ಒಂದು ಲೆಕ್ಕವನ್ನು ಅನುಸರಿಸುತ್ತವೆ.

ನೀರಿನ ಲೆಕ್ಕ

100 ಚದರ ಮೀಟರ್ ಚಾವಣಿಯ ಮೇಲೆ 600 ಮಿ.ಮೀ. ಮಳೆ ಬಿದ್ದರೆ 60,000 ಲೀಟರ್ ನೀರಾಗುತ್ತದೆ. ಸೋರಿಕೆ, ಮೊದಲ ಮಳೆಯ ಕೊಳೆನೀರು ಮುಂತಾದವನ್ನು ಕಳೆದು ನೂರಕ್ಕೆ 80 ಪಾಲು ಕೈಗೆ ಸಿಕ್ಕರೂ 48,000 ಲೀಟರ್ ಉಳಿಯುತ್ತದೆ. ಮೇಲ್ಭಾಗದಲ್ಲಿ 10 ಮೀಟರ್ ಉದ್ದ, 6 ಮೀಟರ್ ಅಗಲವಿರುವ, 1.5 ಮೀಟರ್ ಆಳದ ಕೊಳವನ್ನು ಒಂದಕ್ಕೊಂದು ಇಳಿಜಾರಿನಲ್ಲಿ ತೋಡಿದರೆ ತಳ 7 ಮೀಟರ್ ಉದ್ದ, 3 ಮೀಟರ್ ಅಗಲವಾಗುತ್ತದೆ. ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು 1.2 ಮೀಟರ್ ನೀರು ನಿಲ್ಲಿಸಿದರೆ ಅದರಲ್ಲಿ ಹಿಡಿಯುವುದು ಸುಮಾರು 42,000 ಲೀಟರ್. ಸಾಧಾರಣ ಮನೆಯ ಚಾವಣಿ ಇಂತಹ ಒಂದು ಕೊಳವನ್ನು ತುಂಬಬಲ್ಲದು ಎಂದಾಯಿತು.

ತುಂಬಿದ ನೀರು ಉಳಿಯುವುದು ಬೇರೆ ಪ್ರಶ್ನೆ. ಈ ಸೀಮೆಯ ಬಿಸಿಲಿಗೆ ಚಳಿಗಾಲದಲ್ಲಿ ದಿನಕ್ಕೆ 4-5 ಮಿ.ಮೀ., ಮಾರ್ಚ್-ಏಪ್ರಿಲ್‌ನಲ್ಲಿ 6-8 ಮಿ.ಮೀ. ನೀರು ಆವಿಯಾಗುತ್ತದೆಂದು ಇಟ್ಟುಕೊಳ್ಳಬಹುದು. ನವೆಂಬರ್ ಕೊನೆಗೆ 120 ಸೆಂ.ಮೀ. ಇದ್ದ ನೀರು ಇಂಗದೆ ಕೇವಲ ಆವಿಯಾಗಿಯೇ ಫೆಬ್ರವರಿ ಕೊನೆಯ ವೇಳೆಗೆ ಸುಮಾರು 78 ಸೆಂ.ಮೀ.ಗೆ, ಏಪ್ರಿಲ್ ಕೊನೆಯ ವೇಳೆಗೆ 40 ಸೆಂ.ಮೀ. ಆಸುಪಾಸಿಗೆ ಇಳಿಯುತ್ತದೆ. ಗೆಂಡೆ ಮೀನಿಗೆ ಕನಿಷ್ಠ 60-75 ಸೆಂ.ಮೀ. ನೀರು ಬೇಕು, ಅದಕ್ಕಿಂತ ತೆಳುವಾದ ನೀರು ಮಧ್ಯಾಹ್ನಕ್ಕೆ ಕಾಯ್ದು ಮೀನನ್ನು ಸಂಕಟಕ್ಕೀಡುಮಾಡುತ್ತದೆ. ಆದುದರಿಂದ ಮೇಲಿಂದ ನೀರು ಸೇರಿಸುವ ಅನುಕೂಲವಿಲ್ಲದ ಮನೆಯಲ್ಲಿ ಶಿವರಾತ್ರಿಯ ವೇಳೆಗೆ ಮೀನು ಹಿಡಿದು ಮುಗಿಸುವುದು ಲೇಸು. ಗಿಡಗಳಿಗೆ ನೀರೆತ್ತುವವರಾದರೆ ಆ ಗಡುವು ಇನ್ನೂ ಮುಂಚಿತವಾಗಿ ಬರುತ್ತದೆ. ಕೊಳದ ಒಳಗೋಡೆಯಲ್ಲಿ ತಳದಿಂದ 75 ಸೆಂ.ಮೀ. ಎತ್ತರಕ್ಕೆ ಬಣ್ಣದ ಗೆರೆಯೊಂದನ್ನು ಎಳೆದು, ಅದಕ್ಕಿಂತ ಕೆಳಗಿನ ನೀರು ಮೀನಿನದು ಎಂದು ಮನೆಯವರೆಲ್ಲ ಒಪ್ಪಿಕೊಳ್ಳುವುದು ಸರಳ ಉಪಾಯ.

ಜಾಗ ಮತ್ತು ಅಗೆತ

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ, ಮಳೆನೀರು ಸಹಜವಾಗಿ ಹರಿದುಬರುವ, ಮನೆಯಿಂದ ಕಣ್ಣಿಗೆ ಬೀಳುವ ಜಾಗ ಉತ್ತಮ. ಮನೆಯ ಗೋಡೆಗೆ ಹತ್ತಿರ ತೋಡಿದರೆ ತಳಪಾಯಕ್ಕೆ ತೇವ ತಗಲುತ್ತದೆ. ಮಲದ ಗುಂಡಿಯ ಸಮೀಪ ಕೂಡದು. ಹುಣಿಸೆ, ಹಲಸುಗಳ ಕೆಳಗೆ ತೋಡಿದರೆ ಬಿದ್ದ ಎಲೆ ಕೊಳೆತು ನೀರಿನ ಆಮ್ಲಜನಕವನ್ನು ತಿನ್ನುತ್ತದೆ, ಬೇರು ಹಾಸನ್ನು ತೂತುಮಾಡುತ್ತದೆ.

ಹರಿದುಬರುವ ನೀರು ಯಾವ ನೆಲದಿಂದ ಬರುತ್ತದೆಂಬುದನ್ನೂ ನೋಡಬೇಕು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ತಾಮ್ರ ಮೀನಿಗೆ ವಿಷ. ತರೀಕೆರೆಯ ಅಡಿಕೆ ತೋಟಗಳ ಬಸಿನೀರನ್ನೂ, ಅಜ್ಜಂಪುರದ ಈರುಳ್ಳಿ ಹೊಲಗಳಿಂದ ಔಷಧಿ ಸಿಂಪಡಿಸಿದ ಮೇಲೆ ಬರುವ ನೀರನ್ನೂ ಕೊಳಕ್ಕೆ ತಿರುಗಿಸಬಾರದು. ಚಾವಣಿಯ ನೀರೇ ಎಲ್ಲಕ್ಕಿಂತ ಕ್ಷೇಮ. ಅಂಗಳದ ನೀರನ್ನು ಬಿಡುವುದಾದರೆ ಕೊಳದ ಬಾಯಿಗೆ ಮೊದಲು ಒಂದು ಸಣ್ಣ ಹೂಳುಗುಂಡಿ ಇರಬೇಕು.

ಮಣ್ಣನ್ನು ಪರೀಕ್ಷಿಸಲು ಎರಡು ಹಳೆಯ ಕ್ರಮಗಳಿವೆ. ಹಸಿಮಣ್ಣನ್ನು ಉಂಡೆಕಟ್ಟಿ ಮೇಲಕ್ಕೆಸೆದು ಹಿಡಿದಾಗ ಉಂಡೆ ಒಡೆಯದಿದ್ದರೆ ಜೇಡಿಯಂಶ ಸಾಕಷ್ಟಿದೆ ಎಂದರ್ಥ. ಇದಕ್ಕಿಂತ ನಂಬಬಹುದಾದದ್ದು, ಸೊಂಟದಾಳದ ಗುಂಡಿ ತೋಡಿ, ಸಂಜೆ ನೀರು ತುಂಬಿ, ಹಲಗೆ ಮುಚ್ಚಿ ಬೆಳಿಗ್ಗೆ ನೋಡುವುದು. ಮೊದಲ ರಾತ್ರಿ ಒಣಮಣ್ಣು ನೀರು ಕುಡಿಯುವುದು ಸಹಜ. ಎರಡನೆಯ ಸಲ ತುಂಬಿದ ನೀರು ಬೆಳಗಿನವರೆಗೆ ಬಹುಪಾಲು ನಿಂತರೆ ಹಾಸಿಲ್ಲದೆಯೇ ಕೊಳವಾದೀತು.

ಅಗೆತಕ್ಕೆ ಒಳ್ಳೆಯ ಕಾಲ ಬೇಸಿಗೆಯ ಕೊನೆ. ಭರಣಿ, ಕೃತ್ತಿಕೆಯ ಮಳೆಗೆ ನೆಲ ಮೆತ್ತಗಾದಾಗ ಗುದ್ದಲಿ ಸುಲಭವಾಗಿ ಇಳಿಯುತ್ತದೆ. ಮೇಲಿನ ಅರ್ಧ ಅಡಿ ಫಲವತ್ತಾದ ಮಣ್ಣನ್ನು ಬೇರೆಯಾಗಿ ಒಟ್ಟಿಕೊಂಡಿರಬೇಕು; ಅದು ಆಮೇಲೆ ಕೊಳದ ತಳಕ್ಕೂ ಗಿಡಗಳ ಬುಡಕ್ಕೂ ಬೇಕಾಗುತ್ತದೆ. ಕೆಳಗಿನ ಮಣ್ಣನ್ನು ಸುತ್ತ ಬದುವಾಗಿ ಏರಿಸಿ ನೀರು ಚಿಮುಕಿಸಿ ತುಳಿದು ಗಟ್ಟಿಮಾಡುತ್ತಾರೆ. ಗೋಡೆಗಳನ್ನು ನೆಟ್ಟಗೆ ಕಡಿಯಬಾರದು, ಮಳೆಗೆ ಕುಸಿಯುತ್ತವೆ. ಒಂದು ಮೂಲೆಯಲ್ಲಿ ಇಳಿಯಲು ಮೆಟ್ಟಿಲು, ತಳದಲ್ಲಿ ಒಂದು ಕಡೆಗೆ ತುಸು ಇಳಿಜಾರು, ಅದರ ಕೊನೆಗೆ ಮಂಕರಿಯಷ್ಟು ಗಾತ್ರದ ತಗ್ಗು ಇದ್ದರೆ ನೀರಿಳಿದಾಗ ಮೀನು ಅಲ್ಲಿಯೇ ಸೇರುತ್ತದೆ. ಹೆಚ್ಚಿನ ನೀರು ಹೊರಹೋಗಲು ಕೋಡಿಯಂತೆ ಒಂದು ಪೈಪು, ಅದರ ಬಾಯಿಗೆ ಬಲೆ.

ಹಾಸು

ನೀರು ಇಂಗುವ ನೆಲದಲ್ಲಿ ಎರಡು ದಾರಿಗಳಿವೆ. ಕೆರೆಯ ಜೇಡಿಮಣ್ಣನ್ನು ತಂದು ತಳಕ್ಕೂ ಗೋಡೆಗೂ ಸುಮಾರು ಒಂದು ಅಡಿ ದಪ್ಪಕ್ಕೆ ಹರವಿ, ನೀರು ಹಾಕಿ, ಎತ್ತು ಎಮ್ಮೆಗಳಿಂದ ತುಳಿಸಿ ಹದಮಾಡುವುದು ಹಳೆಯ ರೀತಿ. ಇದರಲ್ಲಿ ಮೀನಿಗೆ ಬೇಕಾದ ಸೂಕ್ಷ್ಮಜೀವಿಗಳೂ ಹುಳುಗಳೂ ತಳದ ಮಣ್ಣಿನಲ್ಲಿ ಚೆನ್ನಾಗಿ ಬೆಳೆಯುತ್ತವೆ. ಶ್ರಮ ಮಾತ್ರ ಹೆಚ್ಚು.

ಎರಡನೆಯದು ಪ್ಲಾಸ್ಟಿಕ್ ಹಾಳೆ. ಮೇಲೆ ಹೇಳಿದ ಅಳತೆಯ ಕೊಳಕ್ಕೆ ಹಾಳೆಯ ಲೆಕ್ಕ ಹೀಗೆ: ತಳದ ಉದ್ದ 7 ಮೀಟರ್, ಎರಡು ಇಳಿಜಾರುಗಳು ತಲಾ 2.12 ಮೀಟರ್, ಬದುವಿನ ಮೇಲೆ ಹೂಳಲು ಎರಡೂ ಕಡೆ ತಲಾ 60 ಸೆಂ.ಮೀ.; ಒಟ್ಟು ಸುಮಾರು 12.5 ಮೀಟರ್. ಅಗಲಕ್ಕೆ ಇದೇ ಕ್ರಮದಲ್ಲಿ ಸುಮಾರು 8.5 ಮೀಟರ್. ಇಳಿಜಾರನ್ನು ಮರೆತು ಮೇಲ್ಭಾಗದ ಅಳತೆಗೇ ಹಾಳೆ ಕೊಂಡು ತರುವುದು ಸಾಮಾನ್ಯವಾಗಿ ಕಾಣುವ ತಪ್ಪು. ಹಾಳೆ ಹಾಸುವ ಮೊದಲು ಕಲ್ಲು, ಬೇರಿನ ತುದಿಗಳನ್ನು ತೆಗೆದು ನಯವಾದ ಮಣ್ಣನ್ನೋ ಹಳೆಯ ಗೋಣಿಚೀಲಗಳನ್ನೋ ಹರಡಬೇಕು. ಹಾಸಿದ ಮೇಲೆ ತಳದಲ್ಲಿ ನಾಲ್ಕಾರು ಬೆರಳು ದಪ್ಪಕ್ಕೆ, ಮೊದಲೇ ಎತ್ತಿಟ್ಟ ಮೇಲ್ಮಣ್ಣನ್ನು ಹರಡಿದರೆ ಬರಿಯ ಪ್ಲಾಸ್ಟಿಕ್ಕಿನ ಕೊಳದಲ್ಲಿ ಕಾಣುವ ಆಹಾರದ ಬಡತನ ಬಹಳಮಟ್ಟಿಗೆ ನೀಗುತ್ತದೆ.

ಸುರಕ್ಷತೆ

ಪ್ಲಾಸ್ಟಿಕ್ ಹಾಸಿನ ಹೊಂಡಗಳು ಬಂದ ಮೇಲೆ ಅವುಗಳಲ್ಲಿ ಮಕ್ಕಳೂ ದೊಡ್ಡವರೂ ಮುಳುಗಿ ಸತ್ತ ಪ್ರಕರಣಗಳು ರಾಜ್ಯದ ಹಲವು ಕಡೆಗಳಿಂದ ವರದಿಯಾಗಿವೆ. ಒದ್ದೆಯಾಗಿ ಪಾಚಿ ಹಿಡಿದ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ. ಹಿಡಿಯಲು ಹುಲ್ಲಿನ ಎಸಳೂ ಇರುವುದಿಲ್ಲ. ಈಜು ಬಲ್ಲವರೂ ಇಳಿಜಾರನ್ನು ಹತ್ತಲಾರದೆ ಮುಳುಗಿದ್ದಾರೆ. ರಕ್ಷಿಸಲು ಇಳಿದ ಎರಡನೆಯವರೂ ಮುಳುಗುವುದು ಇಂತಹ ದುರಂತಗಳ ಸಾಮಾನ್ಯ ಲಕ್ಷಣ. ಕೃಷಿ ಭಾಗ್ಯ ಯೋಜನೆಯ ಅಂಗಗಳಲ್ಲಿ ತಂತಿ ಬೇಲಿಯೂ ಸೇರಿರುವುದು ಈ ಕಾರಣದಿಂದಲೇ ಅರ್ಥಪೂರ್ಣ.

ಮನೆಯ ಹಿತ್ತಿಲಿನಲ್ಲಿ ಈ ಅಪಾಯ ಇನ್ನೂ ಹತ್ತಿರದ್ದು. ಅಂಬೆಗಾಲಿಡುವ ಮಗುವಿಗೆ ಮೊಣಕಾಲುದ್ದದ ನೀರೂ ಮೃತ್ಯು. ಬೇಲಿ ಮತ್ತು ಅಗುಳಿಯುಳ್ಳ ಬಾಗಿಲು ಕೊಳದ ಅಲಂಕಾರವಲ್ಲ, ಅದರ ಒಂದು ಭಾಗ. ನೀರು ತುಂಬುವ ಮೊದಲೇ ಅವು ಆಗಿರಬೇಕು. ಹಾಳೆಯ ಮೇಲೆ ಎರಡು ಮೂರು ಕಡೆ ಗಂಟುಗಳುಳ್ಳ ದಪ್ಪ ಹಗ್ಗವನ್ನು ಬದುವಿನ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಬೇಕು. ಗಾಳಿ ತುಂಬಿದ ಹಳೆಯ ಟ್ಯೂಬೊಂದು, ಒಂದು ಉದ್ದ ಬಿದಿರು ಸದಾ ಪಕ್ಕದಲ್ಲಿರಬೇಕು. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಕೊಳದ ಕೆಲಸವನ್ನು ಕೆಲವು ವರ್ಷ ಮುಂದೂಡಿ, ತೊಟ್ಟಿಯಲ್ಲಿ ಬಲೆ ಮುಚ್ಚಿ ಮೀನು ಸಾಕುವುದು ಹೆಚ್ಚು ಸೂಕ್ತ.

ನೀರನ್ನು ಹದಗೊಳಿಸುವುದು

50 ಚದರ ಮೀಟರಿನಷ್ಟು ನೀರಿನ ಮೈಗೆ ಒಂದರಿಂದ ಒಂದೂವರೆ ಕಿಲೋಗ್ರಾಂ ಸುಣ್ಣವನ್ನು ತಳಕ್ಕೆ ಎರಚಿ, ವಾರದ ಬಳಿಕ ಸುಮಾರು 10 ಕಿಲೋಗ್ರಾಂ ಹಸಿ ಸಗಣಿಯನ್ನು ಕದಡಿ ಹಾಕುತ್ತಾರೆ. ಒಂದೆರಡು ವಾರಗಳಲ್ಲಿ ನೀರು ತಿಳಿಹಸುರಾಗುತ್ತದೆ. ಮೊಣಕೈವರೆಗೆ ಕೈಯಿಳಿಸಿದಾಗ ಅಂಗೈ ಮಸಕಾಗಿ ಕಂಡರೆ ಹದ ಸರಿ. ಮಣಿಕಟ್ಟಿನ ಆಳದಲ್ಲೇ ಮರೆಯಾದರೆ ಸಗಣಿ ಹೆಚ್ಚಾಗಿದೆ. ಬೆರಳುಗಳು ಸ್ಪಷ್ಟವಾಗಿ ಎಣಿಕೆಗೆ ಸಿಕ್ಕರೆ ಮೀನಿಗೆ ಆಹಾರ ಸಾಲದು. ನೀರಿನ ಪಿ.ಎಚ್. 7ರಿಂದ 8.5ರೊಳಗೆ ಇದ್ದರೆ ಗೆಂಡೆಗಳಿಗೆ ಹಿತ.

ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದನ್ನು ಎತ್ತರದಿಂದ ಕಲ್ಲಿನ ಮೇಲೆ ಬೀಳಿಸಿ ತುಂಬಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ಬಿಸಿಲಿನಲ್ಲಿ ನಿಲ್ಲಿಸಬೇಕು.

ಮೀನಿನ ಆಯ್ಕೆ

ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಒಂದರ ಆಹಾರಕ್ಕೆ ಇನ್ನೊಂದು ಬಾಯಿಹಾಕದ ಕಾರಣ ಇವನ್ನು ಕೂಡಿಸಿ ಸಾಕುವ ಮಿಶ್ರ ಮೀನುಕೃಷಿ ಬಳಕೆಗೆ ಬಂದಿದೆ. ಹೆಕ್ಟೇರಿಗೆ 5,000 ಬಲಿತ ಮರಿ ಎಂಬುದು ವಾಡಿಕೆಯ ಪ್ರಮಾಣ, ಅಂದರೆ 2 ಚದರ ಮೀಟರಿಗೆ ಒಂದು. ಮೇಲಿನ ಉದಾಹರಣೆಯ ಕೊಳಕ್ಕೆ ಇದು 25 ಮರಿ: 10 ಕಾಟ್ಲಾ, 8 ರೋಹು, 7 ಮೃಗಾಲ್. ನೂರಿನ್ನೂರು ಮರಿ ಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಗಾಳಿಯಂತ್ರವಿಲ್ಲದೆ, ವಿದ್ಯುತ್ತಿನ ಭರವಸೆಯಿಲ್ಲದೆ ಅಷ್ಟನ್ನು ಬಿಟ್ಟರೆ ಒಂದು ಮೋಡದ ರಾತ್ರಿ ಸಾಕು, ಬೆಳಿಗ್ಗೆ ಎಲ್ಲವೂ ತೇಲುತ್ತಿರುತ್ತವೆ.

ಮಳೆನೀರಿನ ಕೊಳಕ್ಕೆ ಆರೇಳು ತಿಂಗಳ ಆಯುಸ್ಸಷ್ಟೇ ಇರುವುದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ತರುವುದು ವ್ಯರ್ಥ. ಬೆರಳುದ್ದಕ್ಕಿಂತ ದೊಡ್ಡದಾದ, ಸಾಧ್ಯವಾದರೆ 50-100 ಗ್ರಾಂ ತೂಗುವ ಬಲಿತ ಮರಿಗಳನ್ನು ಆಗಸ್ಟ್ ವೇಳೆಗೆ ಬಿಡಬೇಕು. ಲಕ್ಕವಳ್ಳಿಗೆ ಸಮೀಪದ ಭದ್ರಾ ಜಲಾಶಯ ಯೋಜನಾ ಪ್ರದೇಶದಲ್ಲಿರುವ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರ ಈ ಮೂರು ತಾಲ್ಲೂಕಿನವರಿಗೂ ಹತ್ತಿರದ್ದು. ಮರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ತಂದ ಚೀಲವನ್ನು ಬಿಚ್ಚದೆ ಕಾಲು ಗಂಟೆ ಕೊಳದಲ್ಲಿ ತೇಲಿಬಿಟ್ಟು, ಆಮೇಲೆ ಕೊಳದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಬೆರೆಸಿ, ಮರಿಗಳು ತಾವಾಗಿ ಈಜಿ ಹೊರಬರಲು ಬಿಡಬೇಕು. ಇದಕ್ಕೆ ಬೆಳಗಿನ ಅಥವಾ ಸಂಜೆಯ ತಂಪುಹೊತ್ತು ಸೂಕ್ತ.

ಮೀನು ತಿನ್ನದ ಮನೆಗಳಲ್ಲಿ ಕೋಯಿ, ಚಿನ್ನದ ಮೀನು, ಗಪ್ಪಿಗಳನ್ನು ಸಾಕುತ್ತಾರೆ. ಗಪ್ಪಿ ಮತ್ತು ಗ್ಯಾಂಬೂಸಿಯಾ ಸೊಳ್ಳೆಯ ಮರಿಗಳನ್ನು ತಿನ್ನುವುದರಿಂದ ಆರೋಗ್ಯ ಇಲಾಖೆಯೂ ಬಾವಿ, ತೊಟ್ಟಿಗಳಿಗೆ ಅವನ್ನು ಬಿಡಿಸುತ್ತದೆ. 1952ರಲ್ಲಿ ಭಾರತಕ್ಕೆ ಬಂದ ಮೊಜಾಂಬಿಕ್ ತಿಲಾಪಿಯಾ ಸಣ್ಣ ಕೊಳದಲ್ಲಿ ಮಿತಿಯಿಲ್ಲದೆ ಮರಿಹಾಕಿ ಎಲ್ಲವೂ ಅಂಗೈಗಿಂತ ಚಿಕ್ಕದಾಗಿಯೇ ಉಳಿಯುತ್ತವೆ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ಭಾರತದಲ್ಲಿ ನಿಷೇಧವಿದೆ. ಕೊಳೆತ ಮಾಂಸವನ್ನೂ ತಿಂದು ಬೇಗ ಬೆಳೆಯುವುದೆಂಬ ಆಮಿಷಕ್ಕೆ ಕೆಲವರು ಇದನ್ನು ಗುಟ್ಟಾಗಿ ತರುತ್ತಾರೆ. ಇದು ಗಾಳಿಯನ್ನು ಉಸಿರಾಡಬಲ್ಲದು, ಒದ್ದೆನೆಲದ ಮೇಲೆ ತೆವಳಬಲ್ಲದು; ಕೋಡಿ ಹರಿದ ರಾತ್ರಿ ಹಿತ್ತಿಲಿನಿಂದ ಹಳ್ಳಕ್ಕೂ ಹಳ್ಳದಿಂದ ಕೆರೆಗೂ ಸೇರಿದರೆ ಅಲ್ಲಿನ ದೇಶಿ ಮಾಗೂರು, ಕೊರವ ಮುಂತಾದ ಮೀನುಗಳಿಗೆ ಉಳಿಗಾಲವಿಲ್ಲ. ಅಲಂಕಾರಿಕ ಮೀನುಗಳನ್ನೂ ಸಾಕಿ ಬೇಸರವಾದಾಗ ಕೆರೆಗೆ ಬಿಡಬಾರದು.

ಆಹಾರ ಮತ್ತು ನಿತ್ಯದ ನೋಟ

ಕಡಲೆಕಾಯಿ ಹಿಂಡಿ ಮತ್ತು ಅಕ್ಕಿತೌಡನ್ನು ಸಮವಾಗಿ ಬೆರೆಸಿ, ಮೀನಿನ ಒಟ್ಟು ತೂಕದ ನೂರಕ್ಕೆ 2-3 ಪಾಲಿನಷ್ಟು ದಿನವೂ ಹಾಕುತ್ತಾರೆ. ತಲಾ 100 ಗ್ರಾಂ ತೂಗುವ 25 ಮೀನಿಗೆ ದಿನಕ್ಕೆ 75 ಗ್ರಾಂ ಸಾಕು. ಹಿಂಡಿಯುಂಡೆಯನ್ನು ತೂತುಳ್ಳ ತಟ್ಟೆಯಲ್ಲಿಟ್ಟು ನೀರಿಗೆ ಇಳಿಬಿಟ್ಟರೆ ಮೀನು ತಿಂದದ್ದೆಷ್ಟು, ಬಿಟ್ಟದ್ದೆಷ್ಟು ಎಂಬುದು ತಿಳಿಯುತ್ತದೆ. ಮದುವೆಮನೆಯ ಉಳಿದ ಅನ್ನವನ್ನು ಸುರಿಯುವುದು ಮೀನಿಗೆ ಉಪಕಾರವಲ್ಲ.

ಸೂರ್ಯೋದಯಕ್ಕೆ ಮೊದಲು ಕೊಳವನ್ನು ನೋಡುವ ಅಭ್ಯಾಸ ಎಲ್ಲ ಉಪಕರಣಗಳಿಗಿಂತ ಮೇಲು. ರಾತ್ರಿಯಲ್ಲಿ ಪಾಚಿಯೂ ಉಸಿರಾಡುವುದರಿಂದ ನೀರಿನ ಆಮ್ಲಜನಕ ನಸುಕಿನಲ್ಲಿ ಅತ್ಯಂತ ಕಡಿಮೆಯಾಗಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಆ ದಿನ ಆಹಾರ, ಸಗಣಿ ಎರಡನ್ನೂ ನಿಲ್ಲಿಸಿ ಹೊಸ ನೀರು ಬಿಡಬೇಕು. ಅದಿಲ್ಲದಿದ್ದರೆ ಕೊಳದ ನೀರನ್ನೇ ಬಿಂದಿಗೆಯಲ್ಲಿ ಮೊಗೆದು ಎತ್ತರದಿಂದ ಸುರಿಯಬೇಕು. ಮಿಂಚುಳ್ಳಿ, ಬಕ, ನೀರುಹಾವುಗಳಿಂದ ಮರಿಗಳನ್ನು ಕಾಯಲು ಮೊದಲ ಎರಡು ತಿಂಗಳು ಮೇಲೊಂದು ಬಲೆ ಬೇಕಾಗುತ್ತದೆ.

ಮೀನು ಹಿಡಿಯುವುದು

ಗೆಂಡೆಗಳು ಚೆನ್ನಾಗಿ ಬೆಳೆದರೆ ವರ್ಷದೊಳಗೆ 800 ಗ್ರಾಂನಿಂದ ಒಂದು ಕಿಲೋಗ್ರಾಂ ತೂಗುತ್ತವೆ. ಆರೇಳು ತಿಂಗಳ ಕೊಳದಲ್ಲಿ ಅದಕ್ಕಿಂತ ಕಡಿಮೆ. 25ರಲ್ಲಿ 20 ಉಳಿದು ತಲಾ ಅರ್ಧ ಕಿಲೋಗ್ರಾಂ ಬಂದರೂ ಒಟ್ಟು 10 ಕಿಲೋಗ್ರಾಂ ಮೀನು. ಇದನ್ನು ಆದಾಯದ ಮಾರ್ಗವೆಂದು ಬಣ್ಣಿಸುವುದು ಸರಿಯಲ್ಲ. ಮನೆಯೂಟಕ್ಕೆ ತಾಜಾ ಮೀನು, ನೆಂಟರು ಬಂದ ದಿನಕ್ಕೆ ಒಂದು ಅನುಕೂಲ ಎನ್ನಬಹುದು. ದೊಡ್ಡವನ್ನು ಜನವರಿಯಿಂದಲೇ ಒಂದೊಂದಾಗಿ ಹಿಡಿಯುತ್ತ ಹೋದರೆ ಉಳಿದವಕ್ಕೆ ನೀರೂ ಆಹಾರವೂ ಹೆಚ್ಚು ದೊರೆಯುತ್ತವೆ. ಹಿಡಿಯುವ ಹಿಂದಿನ ದಿನ ಆಹಾರ ಹಾಕುವುದಿಲ್ಲ.

ಮೀನು ಮುಗಿದ ಮೇಲೆ ಉಳಿದ ಹಸುರು ನೀರನ್ನು ತೆಂಗು, ಬಾಳೆ, ಕರಿಬೇವುಗಳಿಗೆ ಹಾಯಿಸುತ್ತಾರೆ. ತಳದ ಕಪ್ಪು ಗೋಡನ್ನು ಕಬ್ಬಿಣದ ಸಲಿಕೆ ತಾಗಿಸದೆ, ಹಾಳೆಗೆ ಗಾಯವಾಗದಂತೆ ಬುಟ್ಟಿಯಲ್ಲಿ ಬಾಚಿ ತೆಗೆದು ಗೊಬ್ಬರದ ಗುಂಡಿಗೆ ಸೇರಿಸುತ್ತಾರೆ. ಖಾಲಿಯಾದ ಹಾಳೆ ಬಿಸಿಲಿಗೆ ಬೇಗ ಬಿರಿಯುವುದರಿಂದ ಮುಂದಿನ ಮಳೆಯವರೆಗೆ ತೆಂಗಿನ ಗರಿಗಳಿಂದ ಮುಚ್ಚಿಡಬೇಕು. ಎರೆಮಣ್ಣಿನ ಕೊಳವಾದರೆ ತಳದಲ್ಲಿ ಗೇಣುದ್ದ ನೀರನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ.